ಮಾಡುವವರು ಯಾರು, ಮಾಡಿಸುವವರು ಯಾರು?

ಈ ಬಾರಿ ಬಂದ ಪತ್ರಗಳಲ್ಲಿ ಐದನ್ನು ಒಟ್ಟಿಗೆ ಆರಿಸಿಕೊಂಡಿದ್ದೇನೆ. ಬರೆದವರು ಬೇರೆ ಬೇರೆ ಊರಿನವರು, ಬೇರೆ ಬೇರೆ ವಯಸ್ಸಿನವರು; ಆದರೆ ಐವರೂ ಕೇಳಿರುವುದು ವ್ಯಕ್ತಿಸ್ವಾತಂತ್ರ್ಯದ ಅರ್ಥವನ್ನು ಮತ್ತು ಅದರ ಮಿತಿಯನ್ನು. ಹೆಸರು ಬೇಡವೆಂದು ಕೆಲವರು ಕೇಳಿಕೊಂಡಿರುವುದರಿಂದ ಎಲ್ಲರದೂ ಊರನ್ನು ಮಾತ್ರ ಉಳಿಸಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ 22 ವರ್ಷ. ಬೈಕಿನಲ್ಲಿ ಹೋಗುವಾಗ ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡಿರುತ್ತಾನೆ. ದೂರದಲ್ಲಿ ಪೊಲೀಸರು ಕಂಡರೆ ಮಾತ್ರ ಅದು ತಲೆಗೇರುತ್ತದೆ. ಬುದ್ಧಿ ಹೇಳಿದರೆ, ‘ನನ್ನ ತಲೆ, ನನ್ನ ಇಷ್ಟ, ಇದರಿಂದ ಯಾರಿಗೇನು ತೊಂದರೆ?’ ಎಂದು ಕೇಳುತ್ತಾನೆ. ಇದಕ್ಕೆ ಸರಿಯಾದ ಉತ್ತರ ನನಗೆ ಹೊಳೆಯುತ್ತಿಲ್ಲ. (ತಿಪಟೂರು)

ಉತ್ತರ: ನಿಮ್ಮ ಮಗನ ಮಾತನ್ನು ಉಡಾಫೆಯೆಂದು ತಳ್ಳಿಹಾಕಬೇಡಿ. ಗೊತ್ತಿದ್ದೋ ಗೊತ್ತಿಲ್ಲದೆಯೋ ಅವನು ತತ್ತ್ವಶಾಸ್ತ್ರದ ಒಂದು ಹಳೆಯ, ಗಟ್ಟಿಯಾದ ಪ್ರಶ್ನೆಯನ್ನೇ ಕೇಳಿದ್ದಾನೆ.

ಶಬ್ದದಿಂದಲೇ ಆರಂಭಿಸುತ್ತೇನೆ. ಪಾಣಿನಿಯ ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದಲ್ಲಿ ‘ಸ್ವತಂತ್ರಃ ಕರ್ತಾ’ ಎಂಬ ಸೂತ್ರವಿದೆ. ಅಲ್ಲಿರುವುದು ರಾಜಕೀಯವಲ್ಲ, ವ್ಯಾಕರಣ. ಮರ ಕಡಿಯುವ ಕ್ರಿಯೆಯಲ್ಲಿ ಕೊಡಲಿಯೂ ಇದೆ, ಮರವೂ ಇದೆ, ಕಡಿಯುವವನೂ ಇದ್ದಾನೆ. ಇವರಲ್ಲಿ ಯಾವನು ಕ್ರಿಯೆಗೆ ತಾನೇ ಮುಖ್ಯನಾಗಿ ನಿಂತು ಉಳಿದವುಗಳನ್ನು ತೊಡಗಿಸುತ್ತಾನೋ ಅವನು ಸ್ವತಂತ್ರ, ಅವನೇ ಕರ್ತೃ. ಸ್ವಾತಂತ್ರ್ಯವನ್ನು ಕುರಿತು ನಾನು ಓದಿದ ದೊಡ್ಡ ದೊಡ್ಡ ವ್ಯಾಖ್ಯಾನಗಳಿಗಿಂತ ಈ ಪುಟ್ಟ ಸೂತ್ರ ನನಗೆ ಹೆಚ್ಚು ನೆರವಾಗಿದೆ. ಏಕೆಂದರೆ ಇದರಲ್ಲಿ ಸ್ವಾತಂತ್ರ್ಯವೆಂದರೆ ಅಡ್ಡಿ ಇಲ್ಲದಿರುವುದು ಮಾತ್ರವಲ್ಲ, ‘ಇದನ್ನು ಮಾಡಿದವರು ಯಾರು?’ ಎಂದು ಕೇಳಿದಾಗ ‘ನಾನು’ ಎನ್ನಲು ಸಾಧ್ಯವಾಗುವುದು. ಮನಸ್ಸಿಗೆ ಬಂದಂತೆ ಹರಿದಾಡುವುದಕ್ಕೆ ನಮ್ಮಲ್ಲಿ ಸ್ವಚ್ಛಂದ, ಸ್ವೇಚ್ಛೆ ಎಂಬ ಬೇರೆಯೇ ಮಾತುಗಳಿವೆ.

ಇನ್ನು ‘ಯಾರಿಗೇನು ತೊಂದರೆ?’ ಎಂಬ ಅವನ ಎರಡನೆಯ ಮಾತಿಗೆ ಬರೋಣ. ಇದನ್ನು ಅತ್ಯಂತ ಸ್ಪಷ್ಟವಾಗಿ ವಾದಿಸಿದವನು ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್. 1859ರಲ್ಲಿ ಅವನು ಪ್ರಕಟಿಸಿದ ‘ಆನ್ ಲಿಬರ್ಟಿ’ ಎಂಬ ಪುಸ್ತಕದ ತಿರುಳು ಇಷ್ಟು: ಒಬ್ಬ ವಯಸ್ಕನ ಮೇಲೆ, ಅವನ ಇಚ್ಛೆಗೆ ವಿರುದ್ಧವಾಗಿ, ಸಮಾಜವಾಗಲಿ ಸರ್ಕಾರವಾಗಲಿ ಬಲವನ್ನು ಪ್ರಯೋಗಿಸುವುದಕ್ಕೆ ಒಂದೇ ಒಂದು ನ್ಯಾಯವಾದ ಕಾರಣವಿರಬಲ್ಲದು, ಅದು ಇನ್ನೊಬ್ಬರಿಗೆ ಆಗುವ ಹಾನಿಯನ್ನು ತಡೆಯುವುದು, ಅವನ ಒಳ್ಳೆಯದಕ್ಕಾಗಿಯೇ ಎಂಬ ಕಾರಣ ಸಾಲದು. ಅವನಿಗೆ ತಿಳಿಹೇಳಬಹುದು, ಅವನೊಡನೆ ವಾದಿಸಬಹುದು, ಬೇಡಿಕೊಳ್ಳಬಹುದು. ಬಲವಂತ ಮಾತ್ರ ಕೂಡದು. ಮಿಲ್ ಇದಕ್ಕೊಂದು ಸೇತುವೆಯ ಉದಾಹರಣೆ ಕೊಡುತ್ತಾನೆ. ಕುಸಿಯುವುದು ಖಚಿತವೆಂದು ಗೊತ್ತಿರುವ ಸೇತುವೆಯ ಮೇಲೆ ಒಬ್ಬನು ತಿಳಿಯದೆ ಕಾಲಿಡುತ್ತಿದ್ದರೆ, ಹೇಳಲು ಸಮಯವಿಲ್ಲದಿದ್ದರೆ, ಅವನನ್ನು ಹಿಡಿದು ಹಿಂದಕ್ಕೆಳೆಯಬಹುದು. ಅದು ಅವನ ಸ್ವಾತಂತ್ರ್ಯದ ಭಂಗವಲ್ಲ, ಏಕೆಂದರೆ ನದಿಗೆ ಬೀಳುವುದು ಅವನ ಬಯಕೆಯಲ್ಲ. ಆದರೆ ಬೀಳುವುದು ಖಚಿತವಿಲ್ಲದೆ ಬರಿಯ ಅಪಾಯ ಮಾತ್ರವಿದ್ದು, ಅವನಿಗೂ ಅದು ತಿಳಿದಿದ್ದರೆ, ಎಚ್ಚರಿಸಿ ಬಿಟ್ಟುಬಿಡಬೇಕು. ಈ ಅಳತೆಯಿಂದ ನೋಡಿದರೆ ಮಿಲ್ ನಿಮ್ಮ ಮಗನನ್ನು ಎಚ್ಚರಿಸುತ್ತಿದ್ದನೇ ಹೊರತು ದಂಡ ಹಾಕುತ್ತಿರಲಿಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕಾಗುತ್ತದೆ.

ಆದರೂ ಹೆಲ್ಮೆಟ್ ಕಾಯ್ದೆ ನ್ಯಾಯವಾದದ್ದೆಂದೇ ನಾನು ತಿಳಿಯುತ್ತೇನೆ. ‘ನಿನಗೇನಾದರೂ ಆದರೆ ಅಮ್ಮನ ಗತಿಯೇನು?’ ಎಂಬ ಕಾರಣವನ್ನು ಮನೆಯಲ್ಲಿ ಹೇಳಿ, ತಪ್ಪಿಲ್ಲ. ಆದರೆ ಕಾಯ್ದೆಯ ಬುಡಕ್ಕೆ ಆ ಕಾರಣವನ್ನಿಡಬಾರದು. ಹತ್ತಿರದವರ ದುಃಖವೇ ಸಾಕಾದ ಕಾರಣವಾದರೆ ಮಗ ದೂರದ ಊರಿಗೆ ಕೆಲಸಕ್ಕೆ ಹೋಗುವುದನ್ನೂ, ಮಗಳು ಬೇರೆ ಜಾತಿಯವನನ್ನು ಮದುವೆಯಾಗುವುದನ್ನೂ ನಿಷೇಧಿಸಬೇಕಾದೀತು. ನನ್ನ ಕಾರಣ ಬೇರೆ. ನಿಮ್ಮ ತೋಟದ ಬಾವಿಗೆ ಅವನು ಕಟ್ಟೆಯ ಮೇಲಿಂದ ಧುಮುಕಿದರೆ ಅದನ್ನು ತಡೆಯುವ ಕಾಯ್ದೆ ಇಲ್ಲ, ಇರಲೂ ಬೇಕಿಲ್ಲ. ರಸ್ತೆ ಹಾಗಲ್ಲ, ಅದು ಎಲ್ಲರೂ ಸೇರಿ ಬಳಸುವ ಸ್ವತ್ತು, ಅಲ್ಲಿಗೆ ಅವನು ಪರವಾನಗಿ ಪಡೆದು ಬಂದಿದ್ದಾನೆ. ಅವನು ಬಿದ್ದಾಗ ನಿಲ್ಲುವ ಲಾರಿಯ ಚಾಲಕ, ಓಡಿ ಬರುವ ಅಂಗಡಿಯವನು, ಜಿಲ್ಲಾ ಆಸ್ಪತ್ರೆಯಲ್ಲಿರುವ ಕೆಲವೇ ತುರ್ತು ಹಾಸಿಗೆಗಳಲ್ಲಿ ಒಂದು, ಇವೆಲ್ಲವೂ ಆ ಬೀಳುವಿಕೆಯಲ್ಲಿ ಪಾಲುದಾರರಾಗುತ್ತವೆ. ಕಾಯ್ದೆ ಹೇರುವ ಹೊರೆಯೂ ಬಹಳ ಚಿಕ್ಕದು: ಅವನು ಎಲ್ಲಿಗೆ ಹೋಗಬೇಕು, ಯಾರೊಡನೆ ಹೋಗಬೇಕು, ಹೇಗೆ ಬದುಕಬೇಕು ಎಂಬುದನ್ನು ಹೆಲ್ಮೆಟ್ ನಿರ್ಧರಿಸುವುದಿಲ್ಲ. 1988ರ ಮೋಟಾರು ವಾಹನಗಳ ಕಾಯ್ದೆಯ 129ನೇ ಕಲಮು ಪೇಟ ಧರಿಸಿದ ಸಿಖ್ಖರಿಗೆ ವಿನಾಯಿತಿ ಕೊಟ್ಟಿರುವುದನ್ನು ಗಮನಿಸಿ. ಒಬ್ಬರಿಗೆ ಚಿಕ್ಕದಾದ ಹೊರೆ ಇನ್ನೊಬ್ಬರ ನಂಬಿಕೆಗೆ ದೊಡ್ಡದಾಗಬಹುದೆಂಬ ಅರಿವು ಆ ಬರವಣಿಗೆಯಲ್ಲಿದೆ. ಮಿತಿ ಹಾಕುವವರು ಎರಡನ್ನೂ ತೂಗಬೇಕು, ಹಾನಿ ಎಷ್ಟು ದೊಡ್ಡದು, ಹೊರೆ ಎಷ್ಟು ದೊಡ್ಡದು ಎಂದು. ಮಗನಿಗೆ ಇದನ್ನು ಹೇಳಿ ನೋಡಿ. ಹಾಗೆಯೇ, ಪೊಲೀಸರನ್ನು ಕಂಡಾಗ ಮಾತ್ರ ತಲೆಗೇರುವ ಹೆಲ್ಮೆಟ್ಟಿನ ಕರ್ತೃ ಯಾರು, ಅವನೋ ಪೊಲೀಸರೋ ಎಂದೂ ಕೇಳಿ. ತನ್ನ ಇಷ್ಟವೆಂದು ಹೊರಟವನು ದಿನವೂ ಪೊಲೀಸರ ಇಷ್ಟದಂತೆ ನಡೆಯುತ್ತಿದ್ದಾನೆ.

ಪ್ರಶ್ನೆ: ನನಗೆ 27 ವರ್ಷ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಮನೆಯವರು ನೋಡಿದ ಸಂಬಂಧಕ್ಕೆ ಒಪ್ಪಿದ್ದೇನೆ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಮೊದಲು ಬೇಡವೆಂದಾಗ ಅಮ್ಮ ಮೂರು ದಿನ ಊಟ ಬಿಟ್ಟರು, ಅಪ್ಪ ಮಾತು ಬಿಟ್ಟರು. ‘ಇಷ್ಟು ಓದಿಸಿದ್ದೇವೆ, ಯಾರೂ ಕೊಡದಷ್ಟು ಸ್ವಾತಂತ್ರ್ಯ ಕೊಟ್ಟಿದ್ದೇವೆ, ಇದೊಂದು ಮಾತು ಕೇಳು’ ಎಂದರು. ನಾಲ್ಕನೆಯ ದಿನ ನಾನು ಹೂಂ ಎಂದೆ. ಈ ಒಪ್ಪಿಗೆ ನನ್ನದೇ? (ಸಾಗರ)

ಉತ್ತರ: ನಿಮ್ಮ ಪತ್ರವನ್ನು ಹಲವು ಸಲ ಓದಿದೆ. ‘ಹೂಂ ಎಂದೆ’ ಎಂದು ಬರೆಯುವ ಮೊದಲು ನೀವು ‘ಒಪ್ಪಿದೆ’ ಎಂದು ಬರೆದು ಹೊಡೆದು ಹಾಕಿದ್ದೀರಿ. ಆ ಹೊಡೆದು ಹಾಕಿದ ಗೆರೆಯಲ್ಲಿಯೇ ನಿಮ್ಮ ಪ್ರಶ್ನೆಯೆಲ್ಲ ಇದೆ ಎಂದು ನನಗನ್ನಿಸಿತು.

ಕನ್ನಡದಲ್ಲಿ ಒಪ್ಪು ಎಂಬ ಧಾತುವಿಗೆ ಪ್ರೇರಣೆಯ ರೂಪ ಒಪ್ಪಿಸು. ಆ ರೂಪಕ್ಕೆ ಎರಡು ಅರ್ಥಗಳಿವೆ, ಒಪ್ಪುವಂತೆ ಮಾಡುವುದು ಒಂದು, ಒಂದು ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಡುವುದು ಇನ್ನೊಂದು. ಎರಡೂ ಅರ್ಥಗಳು ಒಂದೇ ಚಪ್ಪರದಡಿಯಲ್ಲಿ ಕೂಡುವುದನ್ನು ನಾವು ನೋಡಿದ್ದೇವೆ: ಮೊದಲು ಹೆಣ್ಣನ್ನು ಮದುವೆಗೆ ಒಪ್ಪಿಸುತ್ತಾರೆ, ಮದುವೆಯಾದ ಮೇಲೆ ಹೆಣ್ಣು ಒಪ್ಪಿಸುವ ಶಾಸ್ತ್ರ ಮಾಡುತ್ತಾರೆ. ಮಗಳ ಕೈಯನ್ನು ಅತ್ತೆ ಮಾವಂದಿರ ಕೈಗಿಡುವ ಆ ಹೊತ್ತಿನಲ್ಲಿ ಹಾಡುವ ಹೆಂಗಸರ ಕೊರಳು ಕಟ್ಟುತ್ತದೆ, ನನ್ನ ಕಣ್ಣೂ ಪ್ರತಿ ಸಲ ತುಂಬಿದೆ. ಆ ಪ್ರೀತಿ ಸುಳ್ಳೆಂದು ನಾನು ಎಂದೂ ಹೇಳಲಾರೆ. ಆದರೆ ಆ ವಾಕ್ಯದಲ್ಲಿ ಮಗಳು ಕರ್ತೃವಲ್ಲ, ಕರ್ಮ.

ಪಾಣಿನಿಯ ಸೂತ್ರದ ಬೆನ್ನಿಗೇ ಇನ್ನೊಂದು ಸೂತ್ರವಿದೆ, ‘ತತ್ಪ್ರಯೋಜಕೋ ಹೇತುಶ್ಚ’ ಎಂದು. ಸ್ವತಂತ್ರನಾದ ಆ ಕರ್ತೃವನ್ನು ಪ್ರೇರಿಸುವವನಿಗೆ ಹೇತು ಎಂಬ ಹೆಸರೂ ಸಲ್ಲುತ್ತದೆ, ಕರ್ತೃ ಎಂಬ ಹೆಸರೂ ಸಲ್ಲುತ್ತದೆ ಎಂಬುದು ಇದರ ಅರ್ಥ. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು, ಮಾಡಿಸುವವನು ಬಂದ ಮಾತ್ರಕ್ಕೆ ಮಾಡುವವನ ಕರ್ತೃತ್ವ ಅಳಿದುಹೋಗುವುದಿಲ್ಲವೆಂಬುದು. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಮೊದಲ ಉತ್ತರ: ಪ್ರೇರಣೆ ಇತ್ತು ಎಂಬ ಕಾರಣದಿಂದಲೇ ಒಪ್ಪಿಗೆ ನಿಮ್ಮದಲ್ಲವಾಗುವುದಿಲ್ಲ. ತಾಯಿಯ ಮಾತು, ಗೆಳತಿಯ ಸಲಹೆ, ಓದಿದ ಪುಸ್ತಕ, ಹುಟ್ಟಿದ ಊರು, ಇವು ಯಾವುವೂ ಸೋಕದ ಒಂದು ಶುದ್ಧವಾದ ‘ನಾನು’ ಎಲ್ಲಿಯೂ ಇಲ್ಲ. ಪ್ರಭಾವವನ್ನೆಲ್ಲ ಬಲವಂತವೆಂದು ಕರೆದರೆ ಸ್ವಾತಂತ್ರ್ಯವೆಂಬ ಮಾತಿಗೆ ಅರ್ಥವೇ ಉಳಿಯದು.

ಆದರೆ ಪ್ರೇರಣೆಗೂ ಒಂದು ಅಂಚಿದೆ. ನಿಮ್ಮ ತಂದೆ ಮಾತು ಬಿಟ್ಟದ್ದು ಮುನಿಸು. ಅದು ನೋವು ಕೊಡುತ್ತದೆ, ನಿಜ, ಆದರೆ ಬೇಡ ಎನ್ನುವ ಬಾಗಿಲನ್ನು ಮುಚ್ಚುವುದಿಲ್ಲ. ತಾಯಿ ಊಟ ಬಿಟ್ಟದ್ದು ಬೇರೆ ಬಗೆಯದು. ‘ನೀನು ಬೇಡವೆಂದರೆ ನಾನು ಉಳಿಯುವುದಿಲ್ಲ’ ಎನ್ನುವಾಗ ನಿಮ್ಮ ಮುಂದಿರುವ ಆಯ್ಕೆ ಆ ವರನೋ ಅಲ್ಲವೋ ಎಂಬುದಲ್ಲ. ತಾಯಿಯ ಪ್ರಾಣವೋ ನಿಮ್ಮ ಇಚ್ಛೆಯೋ ಎಂಬುದು. ಪ್ರಶ್ನೆಯನ್ನೇ ಬದಲಿಸಿ ಉತ್ತರ ಪಡೆದಂತಾಯಿತು. ಚರಿತ್ರೆಯಲ್ಲಿ ಇದರ ದೊಡ್ಡ ರೂಪವೊಂದನ್ನು ನಾವು ಕಂಡಿದ್ದೇವೆ. 1932ರ ಸೆಪ್ಟೆಂಬರ್ 20ರಂದು ಗಾಂಧೀಜಿ ಯರವಡಾ ಜೈಲಿನಲ್ಲಿ ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರ ಕೊಡುವುದರ ವಿರುದ್ಧ ಉಪವಾಸಕ್ಕೆ ಕುಳಿತರು. 24ರಂದು ಅಂಬೇಡ್ಕರ್, ಪ್ರತ್ಯೇಕ ಮತಕ್ಷೇತ್ರವನ್ನು ಬಿಟ್ಟುಕೊಡುವ ಪುಣೆ ಒಪ್ಪಂದಕ್ಕೆ ಸಹಿ ಮಾಡಿದರು. ಸಹಿ ಅವರದೇ, ಕೈಯನ್ನು ಯಾರೂ ಹಿಡಿದಿರಲಿಲ್ಲ. ಆದರೆ ಗಾಂಧೀಜಿಯ ಪ್ರಾಣದ ಹೊಣೆಯನ್ನು ತಮ್ಮ ಹೆಗಲಿಗೆ, ತಮ್ಮ ಜನರ ಹೆಗಲಿಗೆ ಹೊರಿಸಿ ಪಡೆದ ಸಹಿ ಅದೆಂಬ ನೋವು ಅಂಬೇಡ್ಕರರ ಮುಂದಿನ ಬರಹಗಳಲ್ಲಿ ಕಟುವಾಗಿ ಉಳಿಯಿತು. ಗಾಂಧೀಜಿಯ ಬಗ್ಗೆ ನನಗಿರುವ ಗೌರವ ಅಪಾರ, ಆದರೂ ಆ ನೋವು ನ್ಯಾಯವಾದದ್ದೆಂದೇ ನಾನು ಭಾವಿಸುತ್ತೇನೆ. ಪ್ರೀತಿಪಾತ್ರರ ಉಪವಾಸವು ಕತ್ತಿ ಹಿಡಿಯದ ಬಲವಂತವಾಗಬಲ್ಲದು.

ಇನ್ನು ‘ಸ್ವಾತಂತ್ರ್ಯ ಕೊಟ್ಟಿದ್ದೇವೆ’ ಎಂಬ ಮಾತು. ನಮ್ಮ ಮನೆಗಳಲ್ಲಿ ಇದನ್ನು ಎಷ್ಟು ಸಹಜವಾಗಿ ಆಡುತ್ತೇವೆಂದರೆ ಅದರೊಳಗಿನ ತರ್ಕ ಕಣ್ಣಿಗೆ ಬೀಳುವುದೇ ಇಲ್ಲ. ಕೊಟ್ಟದ್ದಾದರೆ ಹಿಂದಕ್ಕೆ ಪಡೆಯಲೂಬಹುದು, ಲೆಕ್ಕ ಕೇಳಲೂಬಹುದು. ಇದೇ ತರ್ಕವನ್ನು ಒಮ್ಮೆ ಭಾರತ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ಮಂಡಿಸಿತ್ತು. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಮಾರನೆಯ ದಿನ ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬಂಧಿತರಾದರು. ಹೀಗೆ ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದವರು ನ್ಯಾಯಾಲಯಕ್ಕೆ ಹೋಗಬಹುದೇ ಎಂಬ ಪ್ರಶ್ನೆ ಜಬಲ್ಪುರ ಮೊಕದ್ದಮೆಯೆಂದು ಹೆಸರಾದ ಪ್ರಕರಣದಲ್ಲಿ ಬಂದಾಗ, ಜೀವದ ಮತ್ತು ವ್ಯಕ್ತಿಸ್ವಾತಂತ್ರ್ಯದ ಹಕ್ಕನ್ನು ಕೊಟ್ಟಿರುವುದೇ ಸಂವಿಧಾನದ 21ನೇ ವಿಧಿ, ಅದರ ಜಾರಿ ತಡೆಹಿಡಿಯಲ್ಪಟ್ಟಿರುವಾಗ ಕೇಳುವುದಕ್ಕೆ ಏನೂ ಉಳಿಯುವುದಿಲ್ಲವೆಂದು ಸರ್ಕಾರ ವಾದಿಸಿತು. ಪೊಲೀಸನೊಬ್ಬ ಯಾರನ್ನಾದರೂ ಅನ್ಯಾಯವಾಗಿ ಕೊಂದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಕೇಳಿದರು, ತಮ್ಮ ವಾದದ ಪ್ರಕಾರ ಇಲ್ಲವೆಂದೇ ಅಟಾರ್ನಿ ಜನರಲ್ ಉತ್ತರಿಸಿದರು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರವಾಗಿ ತೀರ್ಪಿತ್ತರು. ಖನ್ನಾ ಒಬ್ಬರೇ ಭಿನ್ನವಾಗಿ ಬರೆದರು: 21ನೇ ವಿಧಿಯೊಂದೇ ಸ್ವಾತಂತ್ರ್ಯದ ಭಂಡಾರವಲ್ಲ, ಸಂವಿಧಾನ ಬರುವ ಮೊದಲೂ ಈ ನೆಲದಲ್ಲಿ ಕಾನೂನಿನ ಅಧಿಕಾರವಿಲ್ಲದೆ ಯಾರ ಪ್ರಾಣವನ್ನೂ ತೆಗೆಯುವಂತಿರಲಿಲ್ಲ ಎಂದು. ಮರುವರ್ಷ ಅವರನ್ನು ದಾಟಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಲಾಯಿತು, ಅವರು ರಾಜೀನಾಮೆ ಕೊಟ್ಟರು. 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಖಾಸಗಿತನದ ಮೊಕದ್ದಮೆಯಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಹಳೆಯ ತೀರ್ಪು ತಪ್ಪೆಂದು ತಳ್ಳಿಹಾಕಿತು. ಹಾಗೆ ತಳ್ಳಿಹಾಕಿ ಬರೆದ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರ ತಂದೆ 1976ರ ನಾಲ್ವರಲ್ಲಿ ಒಬ್ಬರಾಗಿದ್ದರು.

ಇಷ್ಟು ದೂರ ಹೋಗಿಬಂದದ್ದು ಏಕೆಂದರೆ, ಸರ್ಕಾರ ಕೊಡುವುದಕ್ಕೆ ಮೊದಲೇ ಇರುವ ಸ್ವಾತಂತ್ರ್ಯ ತಂದೆ ತಾಯಿ ಕೊಡುವುದಕ್ಕೂ ಮೊದಲೇ ಇರುತ್ತದೆ. ಅವರು ನಿಮಗೆ ಕೊಟ್ಟದ್ದು ಓದು, ಊಟ, ಧೈರ್ಯ. ಅದಕ್ಕೆ ನೀವು ಸದಾ ಋಣಿ. ಸ್ವಾತಂತ್ರ್ಯವನ್ನು ಅವರು ಕೊಡಲಿಲ್ಲ, ಕಸಿದುಕೊಳ್ಳದೆ ಉಳಿಸಿದರು. ವಯಸ್ಕರು ತಮಗೆ ಬೇಕಾದವರನ್ನು ಮದುವೆಯಾಗುವುದು 21ನೇ ವಿಧಿಯ ಭಾಗವೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಬಲಾತ್ಕಾರದಿಂದ ಅಥವಾ ವಂಚನೆಯಿಂದ ಪಡೆದ ಒಪ್ಪಿಗೆಯ ಮದುವೆಯನ್ನು ರದ್ದುಪಡಿಸಲೂಬಹುದು. ಆದರೆ ಮೂರು ದಿನದ ಉಪವಾಸವನ್ನು ಅಳೆಯುವ ಕೋಲು ಯಾವ ಕಾಯ್ದೆಯ ಬಳಿಯೂ ಇಲ್ಲ, ಆ ಅಳತೆ ನಿಮ್ಮದೇ. ನಿಶ್ಚಿತಾರ್ಥಕ್ಕೆ ಇನ್ನೂ ಎರಡು ತಿಂಗಳಿದೆಯೆಂದು ಬರೆದಿದ್ದೀರಿ. ತಾಯಿಯವರು ಉಂಡು, ಮಲಗಿ ಎದ್ದು, ಮನಸ್ಸು ತಿಳಿಯಾಗಿರುವ ಒಂದು ದಿನ, ಆ ಪ್ರಶ್ನೆಯನ್ನು ಅದರ ಮೊದಲಿನ ರೂಪದಲ್ಲಿ ನಿಮಗೆ ನೀವೇ ಕೇಳಿಕೊಳ್ಳಿ: ಈ ಮನುಷ್ಯನೊಡನೆ ಬದುಕಲು ನನಗೆ ಮನಸ್ಸಿದೆಯೇ? ಹೌದೆಂದು ಬಂದರೆ ಆ ಒಪ್ಪಿಗೆ ಪೂರ್ತಿ ನಿಮ್ಮದು, ಅದರ ಹಿಂದೆ ಅಮ್ಮನ ಉಪವಾಸವಿದ್ದರೂ ಚಿಂತೆಯಿಲ್ಲ. ಇಲ್ಲವೆಂದು ಬಂದರೆ ಅದನ್ನು ಈಗಲೇ ಹೇಳಿಬಿಡಿ. ತಾಯಿಗೆ ನೋವಾಗುತ್ತದೆ, ಬಹಳ ನೋವಾಗುತ್ತದೆ. ಆದರೆ ನೋವಾಗುವುದು ಬೇರೆ, ಹಾನಿಯಾಗುವುದು ಬೇರೆ; ಮನಸ್ಸಿಲ್ಲದ ಮದುವೆಯಲ್ಲಿ ಆಗುವ ಹಾನಿಯಲ್ಲಿ ಆ ವರನಿಗೂ ಪಾಲಿದೆ, ಅವರನ್ನು ಯಾರೂ ಕೇಳಿಲ್ಲ.

ಪ್ರಶ್ನೆ: ಕಬ್ಬು ಕಡಿಯಲು ಬರುವ ಗ್ಯಾಂಗಿನವರಿಗೆ ಹಂಗಾಮಿಗೆ ಮೊದಲೇ ಮುಂಗಡ ಕೊಟ್ಟಿರುತ್ತೇವೆ. ಈ ಸಲ ಒಂದು ಕುಟುಂಬ ನಡುವೆಯೇ ಬಿಟ್ಟು ಹೋಗುತ್ತೇವೆಂದಿತು. ಮುಂಗಡ ತೀರುವವರೆಗೆ ಹೋಗುವಂತಿಲ್ಲವೆಂದು ಹೇಳಿದೆವು. ಅವರೇ ಇಷ್ಟಪಟ್ಟು ಹೆಬ್ಬೆಟ್ಟು ಒತ್ತಿದ್ದಾರೆ. ಒಪ್ಪಂದ ಮಾಡಿಕೊಳ್ಳುವ ಸ್ವಾತಂತ್ರ್ಯ ಇಬ್ಬರಿಗೂ ಇದೆ ಎಂದ ಮೇಲೆ ನಮ್ಮದು ತಪ್ಪು ಹೇಗೆ? (ಚಿಕ್ಕೋಡಿ)

ಉತ್ತರ: ತಪ್ಪು. ಇದನ್ನು ಸುತ್ತಿಬಳಸಿ ಹೇಳಲು ನನಗೆ ಮನಸ್ಸಿಲ್ಲ. ನಿಮ್ಮ ಹಣ ಹೋಗುತ್ತದೆಂಬ ಆತಂಕ ನನಗೆ ಅರ್ಥವಾಗುತ್ತದೆ, ಕಾರ್ಖಾನೆಗೆ ಸಮಯಕ್ಕೆ ಕಬ್ಬು ಹೋಗದಿದ್ದರೆ ತೂಕ ಇಳಿಯುತ್ತದೆಂಬುದೂ ಗೊತ್ತು. ಆದರೆ ಕೊಟ್ಟ ಸಾಲವನ್ನು ಕೇಳುವುದು ಬೇರೆ, ಸಾಲಕ್ಕಾಗಿ ಮನುಷ್ಯನನ್ನು ಹಿಡಿದಿಟ್ಟುಕೊಳ್ಳುವುದು ಬೇರೆ. ಎರಡನೆಯದಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ, ಜೀತ.

ಮಿಲ್ ಹೇಳುವ ಮಾತು ಇಲ್ಲಿ ಮತ್ತೆ ಬೇಕಾಗುತ್ತದೆ. ಒಬ್ಬನು ತನ್ನನ್ನೇ ಗುಲಾಮನಾಗಿ ಮಾರಿಕೊಳ್ಳುವ ಒಪ್ಪಂದವನ್ನು ಯಾವ ನ್ಯಾಯಾಲಯವೂ ಜಾರಿ ಮಾಡಬಾರದು ಎಂದನು ಅವನು, ಏಕೆಂದರೆ ಸ್ವತಂತ್ರನಾಗಿರುವುದು ಬೇಡ ಎನ್ನುವ ಸ್ವಾತಂತ್ರ್ಯವನ್ನು ಸ್ವಾತಂತ್ರ್ಯದ ಹೆಸರಿನಲ್ಲಿ ಕಾಪಾಡಲಾಗದು. ಆ ಒಂದು ಸಹಿಯ ನಂತರ ಅವನು ಯಾವ ಕ್ರಿಯೆಗೂ ಕರ್ತೃವಾಗಿ ಉಳಿಯುವುದಿಲ್ಲ. (ಇಷ್ಟು ತಿಳಿದಿದ್ದ ಮಿಲ್ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ 35 ವರ್ಷ ದುಡಿದನು, ಭಾರತಕ್ಕೆ ಒಮ್ಮೆಯೂ ಬರಲಿಲ್ಲ, ತನ್ನ ಸ್ವಾತಂತ್ರ್ಯದ ತತ್ತ್ವ ಹಿಂದುಳಿದ ಸಮಾಜಗಳಿಗೆ ಅನ್ವಯಿಸದೆಂದು ಅದೇ ಪುಸ್ತಕದಲ್ಲಿ ಬರೆದನು. ಅವನಿಂದ ಕಲಿಯುವಾಗ ಇದನ್ನು ಮರೆಯಲು ನನಗೆ ಸಾಧ್ಯವಾಗಿಲ್ಲ.)

ನಮ್ಮ ಕಾಯ್ದೆ ಇನ್ನೂ ಖಚಿತವಾಗಿದೆ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಾಗಿ ಬಂದು 1976ರಲ್ಲಿ ಕಾಯ್ದೆಯಾದ ಜೀತ ಪದ್ಧತಿ ರದ್ದತಿ ಶಾಸನದ ಪ್ರಕಾರ, ಮುಂಗಡದ ಬದಲಿಗೆ ಒಬ್ಬನು ಬೇರೆ ಕಡೆ ದುಡಿಯುವ ಅಥವಾ ಇಷ್ಟ ಬಂದಲ್ಲಿಗೆ ಹೋಗುವ ಹಕ್ಕನ್ನು ಕಳೆದುಕೊಂಡರೆ ಅದು ಜೀತವೇ. ಅಂಥ ಒಪ್ಪಂದ ಅಸಿಂಧು, ಆ ಸಾಲವೂ ಅಳಿದುಹೋಗುತ್ತದೆ. ಹೆಬ್ಬೆಟ್ಟು ಒತ್ತಿದ್ದು ಇಷ್ಟಪಟ್ಟೇ ಎಂಬ ನಿಮ್ಮ ಮಾತಿಗೂ ಉತ್ತರವಿದೆ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸಗಾರರ ಪ್ರಕರಣದಲ್ಲಿ 1982ರಲ್ಲಿ ಸುಪ್ರೀಂ ಕೋರ್ಟ್, ಬಲವಂತವೆಂದರೆ ದೊಣ್ಣೆ ಮಾತ್ರವಲ್ಲ, ಬೇರೆ ದಾರಿಯೇ ಇಲ್ಲದಂತೆ ಮಾಡುವ ಹಸಿವೂ ಬಡತನವೂ ಬಲವಂತವೇ ಎಂದು, ಬಲವಂತದ ದುಡಿಮೆಯನ್ನು ನಿಷೇಧಿಸುವ ಸಂವಿಧಾನದ 23ನೇ ವಿಧಿಯನ್ನು ಬಿಡಿಸಿ ಹೇಳಿತು. ಮಳೆಯಿಲ್ಲದ ವರ್ಷ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟು ಬಂದವರು ಹೆಬ್ಬೆಟ್ಟು ಒತ್ತುವಾಗ ಅವರ ಮುಂದೆ ಇನ್ನೊಂದು ಕಾಗದವಿತ್ತೇ ಎಂದು ಯೋಚಿಸಿ.

ಆ ಸುಗ್ರೀವಾಜ್ಞೆ ಬಂದದ್ದು ತುರ್ತು ಪರಿಸ್ಥಿತಿಯ ನಡುವೆ. ಜೀತದಾಳುಗಳ ಸಂಕೋಲೆ ಕಳಚಿದ ಸರ್ಕಾರವೇ ಅದೇ ತಿಂಗಳುಗಳಲ್ಲಿ ಸಾವಿರಾರು ಜನರನ್ನು ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟಿತ್ತು. ಒಂದು ಸ್ವಾತಂತ್ರ್ಯ ಕೊಟ್ಟೆನೆಂದು ಇನ್ನೊಂದನ್ನು ಕಸಿಯಲು ಬರುವುದಿಲ್ಲ. ಹಾಗೆಯೇ, ಮತದಾನದ, ಮಾತಿನ ಸ್ವಾತಂತ್ರ್ಯವಿದೆಯಲ್ಲ ಎಂದು ಹಸಿದವನ ಪರಾಧೀನತೆಯನ್ನು ಮರೆಯಲೂ ಬರುವುದಿಲ್ಲ. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಮೂರನ್ನೂ ಬಿಡಿಸಲಾಗದ ಒಂದೇ ಹೆಣಿಗೆಯೆಂದು ಕರೆದರು. ಸಮಾನತೆಯಿಲ್ಲದ ಸ್ವಾತಂತ್ರ್ಯ ಹಲವರ ಮೇಲೆ ಕೆಲವರ ಯಜಮಾನಿಕೆಯಾಗುತ್ತದೆ ಎಂದು ಅವರು ಎಚ್ಚರಿಸಿದ್ದು ನಿಮ್ಮ ಗದ್ದೆಯ ಬದುವಿನ ಮೇಲೆಯೇ ನಿಂತು ನೋಡಬಹುದಾದ ಸತ್ಯ. ಆ ಕುಟುಂಬ ಹೊರಟರೆ ದಯವಿಟ್ಟು ದಾರಿ ಬಿಡಿ. ದುಡಿದ ದಿನಗಳ ಕೂಲಿಯನ್ನೂ ಲೆಕ್ಕ ಮಾಡಿ ಕೊಡಿ.

ಪ್ರಶ್ನೆ: ಇನ್ನೊಬ್ಬರ ಮನಸ್ಸಿಗೆ ನೋವಾಗುವಂತೆ ಮಾತನಾಡಬಾರದೆಂಬುದೇ ವಾಕ್ ಸ್ವಾತಂತ್ರ್ಯದ ಮಿತಿಯಲ್ಲವೇ? (ಮಂಗಳೂರು)

ಉತ್ತರ: ಅದು ಸೌಜನ್ಯದ ಮಿತಿ, ಅದನ್ನು ಪಾಲಿಸುವವರು ನನಗೂ ಇಷ್ಟ. ಆದರೆ ಸಂವಿಧಾನದ 19ನೇ ವಿಧಿಯ ಎರಡನೆಯ ಖಂಡವನ್ನು ಓದಿ ನೋಡಿ: ದೇಶದ ಸಾರ್ವಭೌಮತೆ ಮತ್ತು ಭದ್ರತೆ, ಸಾರ್ವಜನಿಕ ಶಾಂತಿ, ಸಭ್ಯತೆ, ನ್ಯಾಯಾಂಗ ನಿಂದನೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ, ಹೀಗೆ ಮಿತಿಗೆ ಕಾರಣಗಳನ್ನು ಎಣಿಸಿ ಹೇಳಿದ ಆ ಪಟ್ಟಿಯಲ್ಲಿ ಮನಸ್ಸಿನ ನೋವು ಇಲ್ಲ. ಕಿರಿಕಿರಿಯಾಗುವಂಥ ಸಂದೇಶವನ್ನೂ ಅಪರಾಧವೆನ್ನುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು 2015ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದು, ಚರ್ಚಿಸುವುದು, ಪ್ರತಿಪಾದಿಸುವುದು, ಪ್ರಚೋದಿಸುವುದು ಈ ಮೂರರಲ್ಲಿ ಕೊನೆಯದನ್ನು ಮುಟ್ಟಿದಾಗ ಮಾತ್ರ ಮಾತನ್ನು ತಡೆಯಬಹುದೆಂಬ ಕಾರಣದಿಂದ. ಧಾನ್ಯದ ವ್ಯಾಪಾರಿಗಳು ಬಡವರನ್ನು ಉಪವಾಸ ಕೆಡವುತ್ತಾರೆಂದು ಪತ್ರಿಕೆಯಲ್ಲಿ ಬರೆಯಬಹುದು, ಅದೇ ಮಾತನ್ನು ವ್ಯಾಪಾರಿಯ ಮನೆಯ ಮುಂದೆ ರೊಚ್ಚಿಗೆದ್ದ ಗುಂಪಿಗೆ ಹೇಳಿದರೆ ಶಿಕ್ಷೆಯಾಗಬಹುದು ಎಂದ ಮಿಲ್ಲನ ಉದಾಹರಣೆಯ ಜೀವಾಳವೂ ಇದೇ. ಜಾತಿಯ ಹುಳುಕನ್ನು ಎತ್ತಿ ತೋರಿದ ಪ್ರತಿ ಮಾತಿನಿಂದಲೂ ಆ ಕಾಲದಲ್ಲಿ ಯಾರಿಗೋ ಮನಸ್ಸು ನೊಂದಿತ್ತು.

ಪ್ರಶ್ನೆ: ನನ್ನ ತಾಯಿಗೆ 78 ವರ್ಷ, ಶ್ವಾಸಕೋಶದ ಕಾಯಿಲೆ. ಮುಂದೆ ಸ್ಥಿತಿ ಕೆಟ್ಟರೆ ವೆಂಟಿಲೇಟರ್ ಹಾಕಿಸಬೇಡಿರೆಂದು ಈಗಲೇ ಹೇಳುತ್ತಿದ್ದಾರೆ. ಅಣ್ಣ ಕೇಳಲು ಸಿದ್ಧನಿಲ್ಲ, ಉಳಿಸುವುದೇ ಮಕ್ಕಳ ಧರ್ಮ ಎನ್ನುತ್ತಾನೆ. (ಮೈಸೂರು)

ಉತ್ತರ: ನನ್ನ ತಂದೆಯವರಿಗೆ 81 ತುಂಬಿದ್ದಾಗ ದೊಡ್ಡದೊಂದು ಶಸ್ತ್ರಚಿಕಿತ್ಸೆಯ ಮಾತು ಬಂತು. ಆಸ್ಪತ್ರೆಯ ವಾರ್ಡಿನಲ್ಲಿ ವೈದ್ಯರು ಮಂಚದ ಬಳಿ ಬಂದು, ತಂದೆಯವರ ತಲೆಯ ಮೇಲಿಂದ ನೋಡುತ್ತ, ‘ಪೇಷೆಂಟ್ ಕಡೆಯವರು ಯಾರು?’ ಎಂದು ಕೇಳಿದರು. ನಾನು ಮುಂದೆ ಬಂದೆ, ಒಪ್ಪಿಗೆ ಪತ್ರ ಕೈಗೆ ತೆಗೆದುಕೊಂಡೆ. ಆಗ ತಂದೆಯವರು ಮಂಚದ ಕಂಬಿಯನ್ನು ಉಂಗುರದ ಬೆರಳಿನಿಂದ ಎರಡು ಸಲ ಬಡಿದು, ‘ಪೇಷೆಂಟೇ ಇಲ್ಲಿದ್ದಾನಲ್ಲ, ಅವನನ್ನು ಕೇಳಿ’ ಎಂದರು. ಆ ಸದ್ದು ನನಗೆ ಇಂದಿಗೂ ಕೇಳಿಸುತ್ತದೆ. ಎಷ್ಟೋ ವರ್ಷ ಸ್ವಾತಂತ್ರ್ಯದ ಪಾಠ ಹೇಳಿದ ನಾನು ಅವರನ್ನು ಕೇಳದೆಯೇ ಪೆನ್ನು ತೆರೆದಿದ್ದೆ. ಅವರು ಶಸ್ತ್ರಚಿಕಿತ್ಸೆ ಬೇಡವೆಂದರು. ಒಪ್ಪುವುದು ನನಗೆ ಬಹಳ ಕಷ್ಟವಾಯಿತು.

ಆದ್ದರಿಂದ ನಿಮ್ಮ ಅಣ್ಣನವರ ಸಂಕಟವನ್ನು ನಾನು ಕಡಿಮೆ ಮಾಡಿ ನೋಡುವುದಿಲ್ಲ. ಆದರೆ ನಿಮ್ಮ ತಾಯಿಯವರಿಗೆ ಇಂದು ಇರುವ ಅನುಕೂಲ ಎಲ್ಲರಿಗೂ ಇರುವುದಿಲ್ಲವೆಂದು ಅವರಿಗೆ ಹೇಳಿ. ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗರು 1973ರ ಕ್ರೂರ ಹಲ್ಲೆಯ ನಂತರ 2015ರಲ್ಲಿ ತೀರಿಕೊಳ್ಳುವವರೆಗೆ ತಮ್ಮ ಇಚ್ಛೆಯನ್ನು ಹೇಳಲಾಗದ ಸ್ಥಿತಿಯಲ್ಲಿದ್ದರು. ಅವರ ಪರವಾಗಿ ಸಾವನ್ನು ಕೇಳಿದವರು ಒಬ್ಬರು, ಅವರನ್ನು ದಶಕಗಟ್ಟಲೆ ಮಗುವಿನಂತೆ ನೋಡಿಕೊಂಡು ಬದುಕಲಿ ಎಂದವರು ಆಸ್ಪತ್ರೆಯ ದಾದಿಯರು. 2011ರಲ್ಲಿ ಸುಪ್ರೀಂ ಕೋರ್ಟ್ ದಾದಿಯರ ಮಾತನ್ನು ಮನ್ನಿಸಿತು. ಎರಡೂ ಕಡೆ ಪ್ರೀತಿಯಿತ್ತು, ಆದರೆ ಅರುಣಾ ಅವರ ಮಾತು ಯಾವ ಕಡೆಯೂ ಇರಲಿಲ್ಲ. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡವೆಂದು ವಯಸ್ಕರು ಮೊದಲೇ ಬರೆದಿಡಬಹುದೆಂದು 2018ರಲ್ಲಿ ಅದೇ ನ್ಯಾಯಾಲಯ ಹೇಳಿತು, 2023ರಲ್ಲಿ ಕ್ರಮವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು, ಜಾರಿಗೆ ತರುವ ಮುನ್ನ ವೈದ್ಯರ ಎರಡು ಮಂಡಳಿಗಳು ಸ್ಥಿತಿಯನ್ನು ಪರಿಶೀಲಿಸುತ್ತವೆ. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯೂ ಇದರ ಜಾರಿಗೆ ಆದೇಶ ಹೊರಡಿಸಿದೆ.

ಅಣ್ಣನವರೊಡನೆ ನೀವು ವಾದಕ್ಕೆ ನಿಲ್ಲಬೇಡಿ. ಅವರನ್ನು ತಾಯಿಯವರ ಎದುರಿಗೆ ಕೂರಿಸಿ, ತಾಯಿಯವರೇ ಹೇಳಲಿ, ಅಣ್ಣನವರು ಮನಸ್ಸಿನಲ್ಲಿರುವ ಪ್ರಶ್ನೆಗಳನ್ನೆಲ್ಲ ಅವರನ್ನೇ ಕೇಳಲಿ. ವೆಂಟಿಲೇಟರ್ ಎಂದರೆ ತಾಯಿಯವರ ಕಲ್ಪನೆಯಲ್ಲಿ ಏನಿದೆ, ಒಂದೆರಡು ದಿನ ಹಾಕಿ ತೆಗೆಯಬಹುದಾದ ಸಂದರ್ಭಕ್ಕೂ ಬೇಡವೇ ಎಂಬುದನ್ನು ಅವರನ್ನು ನೋಡುತ್ತಿರುವ ವೈದ್ಯರಿಂದ ಒಮ್ಮೆ ವಿವರಿಸಿ ಹೇಳಿಸಿ. ತಿಳಿಯದೆ ಬೇಡವೆನ್ನುವುದು ತಿಳಿಯದೆ ಸೇತುವೆಯ ಮೇಲೆ ಕಾಲಿಡುವುದಕ್ಕೆ ಸಮ. ಪತ್ರವನ್ನು ಅವರು ಆಡಿದ ಮಾತಿನಲ್ಲಿಯೇ, ಕನ್ನಡದಲ್ಲಿಯೇ ಬರೆದು ಓದಿ ಹೇಳಿ. ಮನಸ್ಸು ಬದಲಾದ ದಿನ ಅದನ್ನು ಹಿಂದಕ್ಕೆ ಪಡೆಯುವ ಹಕ್ಕೂ ಅವರದೇ ಎಂದು ತಿಳಿಸಿ. ಅದರ ಒಂದು ಪ್ರತಿ ಅಣ್ಣನವರ ಬಳಿಯೇ ಇರಲಿ.